ಮೂರನೇ ತಟ್ಟೆ

ಮಾರ್ಚ್ ೩, ಸೋಮವಾರ

ಬೆಳಗಿನ ಜಾವ ಕೆಟ್ಟ ಕನಸು. ಲಾಂಡ್ರಿಯಲ್ಲಿ ನಿಂತು ಬಿಳಿ ಹಾಸುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದೇನೆ. ಒಂದರಲ್ಲೂ ಕಲೆ ಇಲ್ಲ. ಖುಷಿಯಾಗಬೇಕಿತ್ತು, ಆಗದೆ ಮತ್ತೆ ಮೊದಲಿನಿಂದ ನೋಡುತ್ತೇನೆ. ಕೊನೆಯ ಹಾಸನ್ನು ಸರಿಸಿದರೆ ಹಿಂದೆ ನನ್ನ ಮಗಳು ಕಡ್ಡಿ ನಿಂತಿದ್ದಾಳೆ. ಕಣ್ಣಿರಬೇಕಾದ ಕಡೆ ಬರೀ ಬಟ್ಟೆ, ಇಸ್ತ್ರಿ ಹಾಕಿದ ಹಾಗೆ ನುಣ್ಣಗೆ. ಎದ್ದವನು ಮೊದಲು ಮಾಡಿದ ಕೆಲಸ, ಪಕ್ಕದಲ್ಲಿ ಮಲಗಿದ್ದ ಮಗಳ ರೆಪ್ಪೆ ಮುಟ್ಟಿ ನೋಡಿದ್ದು. ಇದ್ದವು. ಎರಡೂ.

ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ಗೋಡೆಯ ಮೇಲೆ ತಡಕುತ್ತಿದ್ದಳು. ಇದೇನು ಹೊಸ ಆಟ ಅಂದೆ. "ಅಪ್ಪ, ಎಲ್ಲಾ ಬೂದಿ ಬೂದಿ. ದೀಪ ಹಾಕು" ಅಂದಳು. ಕಿಟಕಿಯ ಬಿಸಿಲು ಅವಳ ಮುಖದ ಮೇಲೇ ಬಿದ್ದಿತ್ತು.

ಹತ್ತು ವರ್ಷದ ಹುಡುಗಿ. ಹಿಂದಿನ ಸಂಜೆ ಅವಳಮ್ಮನ ಪತ್ರ ಓದಿ ಹೇಳಿ, ಹೋಮ್‌ವರ್ಕ್ ಮಾಡಿ, ಚೆನ್ನಾಗೇ ಮಲಗಿದ್ದಳು. ಅವತ್ತಿನಿಂದ ಬೆರಳು ತೋರಿಸುತ್ತಿದ್ದೇನೆ. ಎಷ್ಟು? ಗೊತ್ತಿಲ್ಲ. ಈಗ? ಗೊತ್ತಿಲ್ಲ ಅಪ್ಪ. ನಿನ್ನೆ ಒಂದೇ ದಿನ ಮೂವತ್ತು ಸಲ ಕೇಳಿರಬೇಕು. ಕೊನೆಗೆ ಅವಳೇ ನನ್ನ ಕೈ ಹುಡುಕಿ ಬೆರಳುಗಳನ್ನು ಮಡಚಿ, "ಸಾಕು, ನಿನ್ನ ಕೈ ನೋಯತ್ತೆ" ಅಂದಳು.

ಅವಳಮ್ಮನಿಗೆ ತಿಳಿಸಬೇಕು. ಹೇಗೆ? ಅವಳು ಹೋಗಿ ನಾಲ್ಕು ತಿಂಗಳಾಯಿತು. ಬಸ್ಸಿನಲ್ಲಿ ಆರು ಗಂಟೆ ದೂರ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ ಕೆಲಸ, ಅಲ್ಲೇ ವಾಸ. ಫೋನಿನಲ್ಲಿ ನಾವು ಎರಡು ನಿಮಿಷ ಮಾತಾಡಿದರೆ ಮೂರನೇ ನಿಮಿಷ ಜಗಳ. ಅದಕ್ಕೇ "ಇನ್ನು ಫೋನು ಬೇಡ, ಏನಿದ್ರೂ ಬರೆದು ಹೇಳು" ಅಂದು ಹೋದಳು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮದುವೆಯ ದಿನವೇ ಅವಳ ಅಣ್ಣ ನನ್ನ ಸಹಿ ನೋಡಿ, "ಬರೆದದ್ದಾ, ಕೋಳಿ ನಡೆದದ್ದಾ?" ಅಂದು ಎಲ್ಲರನ್ನೂ ನಗಿಸಿದ್ದ. ಅವತ್ತಿನಿಂದ ಇನ್ನೊಬ್ಬರ ಕಣ್ಣಿಗೆ ಬೀಳುವ ಹಾಗೆ ಬರೆದವನಲ್ಲ, ಅವಳ ಸಣ್ಣ ಅಕ್ಷರ ಓದಲೂ ತಿಣುಕುತ್ತೇನೆ. ಆದ್ದರಿಂದ ಅವಳ ಪತ್ರ ಓದುವುದೂ ಕಡ್ಡಿ, ನಾನು ಹೇಳಿದ್ದನ್ನು ಬರೆಯುವುದೂ ಕಡ್ಡಿ. ಪತ್ರ ಬರೆಯುವವಳಿಗೇ ಕಣ್ಣು ಕಾಣದಿದ್ದರೆ, ಕಣ್ಣು ಕಾಣುವುದಿಲ್ಲ ಅಂತ ಬರೆಯುವವರು ಯಾರು?

ಇನ್ನೊಂದು ಭಯವಿದೆ. ಅಲ್ಲಿ ಒಂದು ಕೋಣೆ ಸಿಕ್ಕಿದ ದಿನ ಮಗಳನ್ನು ಕರೆಸಿಕೊಳ್ಳುತ್ತೇನೆ ಅಂತ ಅವಳು ಹೋಗುವಾಗಲೇ ಹೇಳಿದ್ದಳು. ಈಗ ಇದು ತಿಳಿದರೆ ಕೋಣೆಗೂ ಕಾಯುವುದಿಲ್ಲ. "ನಾಲ್ಕು ತಿಂಗಳು ಕೂಸಿನ ಕಣ್ಣು ಕಾಯೋಕಾಗಲಿಲ್ವಾ ನಿನಗೆ?" ಅನ್ನುತ್ತಾಳೆ.

ಈ ರಿಜಿಸ್ಟರು ಲಾಂಡ್ರಿಯಲ್ಲಿ ಎಸೆದದ್ದು, ಅರ್ಧ ಖಾಲಿ. ಯಾರೂ ಓದುವುದಿಲ್ಲ ಅನ್ನುವ ಧೈರ್ಯದಿಂದ ಬರೆಯುತ್ತಿದ್ದೇನೆ. ಕೋಳಿ ನಡೆದರೆ ನಡೆಯಲಿ.

ಮಾರ್ಚ್ ೫, ಬುಧವಾರ

ಮನೆ ಬಿಡುವಾಗ ಬೀಗವನ್ನು ಮೂರು ಸಲ ಎಳೆದು ನೋಡಿದೆ. ಬೀದಿಯ ತುದಿಯಿಂದ ವಾಪಸ್ ಬಂದು ಇನ್ನೊಂದು ಸಲ. ಕಡ್ಡಿ ನನ್ನ ತೋಳು ಹಿಡಿದುಕೊಂಡು ಹೋಗಿ ಬಂದಳು.

ಕಣ್ಣಿನ ಡಾಕ್ಟರು ಹೆಂಗಸು, ನನಗಿಂತ ಚಿಕ್ಕವರು. ಕಣ್ಣಿಗೆ ಹನಿ ಹಾಕಿದರು, ಕತ್ತಲೆ ಕೋಣೆಯಲ್ಲಿ ಕೂರಿಸಿದರು, ಒಂದು ಸಣ್ಣ ದೀಪದಿಂದ ಒಳಗೆಲ್ಲ ನೋಡಿದರು. ಕಡೆಗೆ "ಕಣ್ಣು ಚೆನ್ನಾಗಿದೆ" ಅಂದರು.

"ಚೆನ್ನಾಗಿದ್ರೆ ಯಾಕೆ ಕಾಣಲ್ಲ?"

"ತಲೆಯ ಸ್ಕ್ಯಾನ್ ಒಂದು ಮಾಡಿಸಿ. ಮಂಗಳವಾರ ಬನ್ನಿ. ಮನೇಲಿ ಏನಾದ್ರೂ ಆಯ್ತಾ, ಜಗಳ, ಸಾವು, ಏನಾದ್ರೂ?"

"ಏನೂ ಇಲ್ಲ" ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ತಾನಾಗಿ ಕಾಲರ್ ಸರಿಮಾಡಿತು. ಡಾಕ್ಟರು ಅದನ್ನು ನೋಡಿದರು.

ಲಾಂಡ್ರಿಯಲ್ಲಿ ಕಲೆ ಸಿಕ್ಕರೆ ಹಾಸಿನ ಮೂಲೆಗೆ ನೀಲಿ ದಾರ ಕಟ್ಟಿ ಮತ್ತೆ ಒಗೆಯಲು ಕಳಿಸುತ್ತೇವೆ. ಹದಿನಾಲ್ಕು ವರ್ಷದಿಂದ ಅದೇ ನನ್ನ ಕೆಲಸ. ಮಗಳ ತೊಂದರೆ ಎಲ್ಲಿದೆ ಅಂತಲೇ ಗೊತ್ತಾಗದಿದ್ದರೆ ದಾರ ಎಲ್ಲಿಗೆ ಕಟ್ಟುವುದು?

ಊಟಕ್ಕೆ ಮರೆತು ಮೂರು ತಟ್ಟೆ ಇಟ್ಟಿದ್ದೆ. ಒಂದನ್ನು ಮೆಲ್ಲಗೆ ಒಳಗಿಟ್ಟೆ. ಕಡ್ಡಿಗೆ ಕಾಣುವುದಿಲ್ಲ, ಅಷ್ಟು ಪುಣ್ಯ. ಬರೆದ ಮೇಲೆ ನೋಡಿದರೆ ಎಂಥ ಮಾತು ಬರೆದೆ!

ಮಾರ್ಚ್ ೬, ಗುರುವಾರ

ಒಬ್ಬಳನ್ನೇ ಬಿಟ್ಟು ಹೋಗಲಾರದೆ ಲಾಂಡ್ರಿಗೆ ಕರೆದುಕೊಂಡು ಹೋದೆ. ಬೈತಾರೇನೋ ಅಂತ ದಾರಿಯುದ್ದಕ್ಕೂ ಮೂರು ಬಗೆಯ ಸುಳ್ಳು ಹೊಂದಿಸಿಕೊಂಡಿದ್ದೆ, ಒಂದೂ ಬೇಕಾಗಲಿಲ್ಲ. ಇಸ್ತ್ರಿ ಅಕ್ಕ ತನ್ನ ಮೇಜಿನ ಕೆಳಗೆ ಬೆಚ್ಚನೆಯ ಹಾಸುಗಳ ಗೂಡು ಮಾಡಿ ಕೂರಿಸಿದಳು.

"ಯಾರೇ ಅದು, ನನ್ನ ಮೇಜಿನ ಕೆಳಗೆ ಇಲಿ?"

"ಇಲಿ ಅಲ್ಲ, ಕಡ್ಡಿ."

"ಕಡ್ಡಿಯಾದ್ರೆ ಒಲೆಗೆ ಹಾಕ್ತೀನಿ, ಇಲಿಯಾದ್ರೆ ಬಿಸ್ಕತ್ತು ಕೊಡ್ತೀನಿ. ಯಾವುದು ಹೇಳು."

"ಹಾಗಾದ್ರೆ ಇಲಿ."

ಒಂದು ವಾರದಲ್ಲಿ ಮೊದಲ ಸಲ ನಕ್ಕಳು. ನಾನು ಕಲೆ ಹುಡುಕುವ ಚೌಕಟ್ಟಿನ ದೀಪದ ಮುಂದೆ ಹಾಸು ಹಿಡಿದು ಬೆನ್ನು ತಿರುಗಿಸಿ ನಿಂತಿದ್ದೆ. ತಿರುಗಿ ನೋಡಿದರೆ ನಗು ನಿಲ್ಲುತ್ತದೇನೋ ಅನ್ನಿಸಿತು.

ಆಮೇಲೆ ಅಕ್ಕ ನನ್ನ ಹತ್ತಿರ ಬಂದು, "ನೀನೊಬ್ಬ, ಹಗ್ಗ ಕಂಡ್ರೂ ಹಾವು ಅಂತೀಯ, ಹಾವು ಕಂಡ್ರೂ ಇನ್ನೆರಡಿರಬೇಕು ಅಂತೀಯ. ಮಗೂನ ಸ್ವಲ್ಪ ಅದರ ಪಾಡಿಗೆ ಬಿಡೋ" ಅಂದಳು. ಬಿಡುವುದು ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ.

ಮಾರ್ಚ್ ೮, ಶನಿವಾರ

ಬರೆಯಲು ನಾಚಿಕೆಯಾಗುತ್ತಿದೆ.

ಬಿಸಿಲಿರುವಾಗಲೇ ಅಡುಗೆಮನೆಗೆ ಹೋಗುವ ಓಣಿಯಲ್ಲಿ ಸ್ಟೂಲು ಇಟ್ಟೆ. ಯಾವತ್ತೂ ಅಲ್ಲಿ ಇಡುವುದಿಲ್ಲ. ಬಿದ್ದರೆ ಹಿಡಿಯಲು ಬಾಗಿಲ ಮರೆಯಲ್ಲಿ ನಿಂತು ಕರೆದೆ, "ಕಡ್ಡಿ, ನೀರು ತಗೊಂಡು ಬಾ." ಬಂದಳು. ಗೋಡೆ ಮುಟ್ಟಿಕೊಂಡು ಬಂದವಳು ಸ್ಟೂಲಿನ ಹತ್ತಿರ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಅದನ್ನು ಸುತ್ತಿ ಮುಂದೆ ಹೋದಳು.

ಮರೆಯಿಂದ ಹೊರಗೆ ಬಂದು ಕಿರುಚಿದೆ. "ಸುಳ್ಳಿ! ಕಾಣತ್ತೆ ನಿನಗೆ! ಒಂಬತ್ತು ದಿನದಿಂದ ನನ್ನ ಜೀವ ತಿಂತಿದೀಯಲ್ಲೇ!"

ಅವಳು ಅಲ್ಲೇ ನಿಂತಳು. ನನ್ನ ದನಿ ಬಂದ ಕಡೆಗೆ ಅಲ್ಲ, ಒಂದು ಗೇಣು ಪಕ್ಕಕ್ಕೆ ಮುಖ ಮಾಡಿ, "ಅಲ್ಲಿ ಏನಿತ್ತು ಅಪ್ಪ?" ಅಂದಳು.

ಮಾರ್ಚ್ ೯, ಭಾನುವಾರ

ಸ್ಟೂಲನ್ನು ಮತ್ತೆ ಮೂಲೆಗಿಟ್ಟೆ. ನಲ್ಲಿ ತೊಟ್ಟಿಕ್ಕುವುದು ಕೇಳುತ್ತದೆ.

ಮಾರ್ಚ್ ೧೧, ಮಂಗಳವಾರ

ತಲೆಯ ಸ್ಕ್ಯಾನಿನಲ್ಲೂ ಏನೂ ಇಲ್ಲ. ಡಾಕ್ಟರು ಒಂದು ದೊಡ್ಡ ಕನ್ನಡಿ ತಂದು ಅವಳ ಮುಖದ ಮುಂದೆ ಹಿಡಿದು ಮೆಲ್ಲಗೆ ಆ ಕಡೆ ಈ ಕಡೆ ವಾಲಿಸಿದರು. ಕಡ್ಡಿಯ ಕಣ್ಣು ಕನ್ನಡಿಯ ಜೊತೆಗೇ ಆ ಕಡೆ ಈ ಕಡೆ ಹೋಯಿತು. ನಾನೂ ಕಂಡೆ.

ಅವಳನ್ನು ಹೊರಗೆ ಕೂರಿಸಿ ಬಂದೆ. "ಹಾಗಾದ್ರೆ ನಾಟಕ ತಾನೇ?" ಅಂದೆ.

"ನಾಟಕ ಅಲ್ಲ. ಸರಿಯಾಗಿ ಕೇಳಿಸ್ಕೊಳ್ಳಿ. ಕಣ್ಣು ನೋಡ್ತಾ ಇದೆ, ಅವಳಿಗೆ ಕಾಣ್ತಾ ಇಲ್ಲ. ಎರಡೂ ನಿಜ. ಮಕ್ಕಳಲ್ಲಿ ಹೀಗಾಗತ್ತೆ. ಮನಸ್ಸು ಹೊರಲಾರದ್ದನ್ನ ಮೈ ಹೊರತ್ತೆ. ಬೇಕು ಅಂತ ಮಾಡಿದ್ದಲ್ಲ, ಅವಳಿಗೇ ಗೊತ್ತಿಲ್ಲ."

ಸ್ಟೂಲಿನ ಕಥೆ ಹೇಳಿದೆ. ಯಾಕೆ ಹೇಳಿದೆನೋ, ಬಾಯಿಗೆ ಬಂತು. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಇನ್ಮೇಲೆ ಪರೀಕ್ಷೆ ಬೇಡ. ಬೆರಳು, ಸ್ಟೂಲು ಏನೂ ಬೇಡ. ಬಹಳ ಮಕ್ಕಳಿಗೆ ವಾಪಸ್ ಬರತ್ತೆ, ತಾನಾಗೇ. ಅವಳ ತಲೆ ಮೇಲೆ ಏನು ಭಾರ ಇದೆ ನೋಡಿ. ಅದನ್ನ ಇಳಿಸಿ."

ಬಸ್ಸಿನಲ್ಲಿ ಕಡ್ಡಿ, "ನನಗೆ ಏನಾಗಿದೆಯಂತೆ?" ಅಂದಳು. "ನೀನು ಸುಳ್ಳು ಹೇಳ್ತಿಲ್ವಂತೆ" ಅಂದೆ. ಮನೆ ಬರುವವರೆಗೆ ನನ್ನ ತೋಳಿಗೆ ಒರಗಿಕೊಂಡೇ ಇದ್ದಳು. ಭಾರ ಅಂದರೆ ಏನು ಭಾರ? ಶಾಲೆಯ ಚೀಲ ಬಿಟ್ಟರೆ ಅವಳು ಹೊತ್ತದ್ದು ಏನಿದೆ?

ಮಾರ್ಚ್ ೧೩, ಗುರುವಾರ

ಅವಳಮ್ಮನ ಪತ್ರ ಬಂತು. ಲಕೋಟೆಯ ಸದ್ದು ಕೇಳಿ ಕಡ್ಡಿ ಮುದುಡಿಕೊಂಡಳು. "ನನಗೆ ಓದಕ್ಕಾಗಲ್ಲ ಅಪ್ಪ" ಅಂದಳು. ಮೂರು ಸಲ ಅಂದಳು. ಓದು ಅಂತ ನಾನು ಹೇಳಿರಲೇ ಇಲ್ಲ.

ಇಸ್ತ್ರಿ ಅಕ್ಕನ ಹತ್ತಿರ ಓದಿಸೋಣ ಅಂತ ಜೇಬಿನಲ್ಲಿಟ್ಟುಕೊಂಡು ಹೋದೆ. ಗಂಡ ಹೆಂಡಿರ ಮಾತು ಇಡೀ ಲಾಂಡ್ರಿಗೆ ಗೊತ್ತಾದರೆ? ಹಾಗೇ ವಾಪಸ್ ತಂದೆ.

ಮಾರ್ಚ್ ೧೫, ಶನಿವಾರ

ಎಲ್ಲರೂ ಹೋದ ಮೇಲೆ ಪತ್ರವನ್ನು ಚೌಕಟ್ಟಿನ ದೀಪದ ಮುಂದೆ ಹಿಡಿದೆ. ಕಡ್ಡಿ ಗೂಡಿನಲ್ಲಿ ನಿದ್ದೆ ಹೋಗಿದ್ದಳು. ಅವಳಮ್ಮನ ಅಕ್ಷರ ಇರುವೆ ಸಾಲು, ಒಂದರ ಕಾಲು ಇನ್ನೊಂದಕ್ಕೆ ಸಿಕ್ಕಿಕೊಂಡಿದೆ. ಬೆರಳಿಟ್ಟು, ತುಟಿ ಅಲ್ಲಾಡಿಸಿ, ಸಣ್ಣ ಮಗುವಿನ ಹಾಗೆ ಓದಿದೆ. ಒಂದು ಪುಟಕ್ಕೆ ಅರ್ಧ ಗಂಟೆ.

"ಎರಡು ವಾರದಿಂದ ಉತ್ತರ ಇಲ್ಲ. ನಾನು ಬರ್ತೀನಿ ಅಂದದ್ದು ಬೇಡವಾಯ್ತಾ? ಬಾ ಅಂತ ಬರೆದವನು ನೀನು. ತಪ್ಪೆಲ್ಲ ನನ್ನದು ಅಂತ ಬರೆದವನೂ ನೀನು."

ಮತ್ತೆ ಓದಿದೆ. ತಪ್ಪು ಓದಿದೆನೋ ಅಂತ ಇನ್ನೊಂದು ಸಲ. ಬಾ ಅಂತ ನಾನು ಬರೆಸಿಲ್ಲ. "ಬರೋದಾದ್ರೆ ಬರ್ಲಿ, ಇಲ್ಲಾಂದ್ರೆ ಅಲ್ಲೇ ಇರ್ಲಿ ಅಂತ ಬರಿ" ಅಂದಿದ್ದೆ. ಕಡ್ಡಿ ತಲೆ ಬಗ್ಗಿಸಿಕೊಂಡು ತುಂಬಾ ಹೊತ್ತು ಬರೆದಿದ್ದಳು. ಅಷ್ಟು ಸಣ್ಣ ಮಾತಿಗೆ ಇಷ್ಟು ಹೊತ್ತಾ ಅಂತ ನಾನು ರೇಗಿದ್ದೆ.

ಮಾರ್ಚ್ ೧೬, ಭಾನುವಾರ

ಡಬ್ಬಿಯಲ್ಲಿದ್ದ ಹಳೆಯ ಪತ್ರಗಳನ್ನೆಲ್ಲ ಓದಿದೆ. ಬೆಳಿಗ್ಗೆ ಕೂತವನು ಸಂಜೆ ಎದ್ದೆ.

ಮೊದಲನೆಯದು: "ಹತ್ತು ನಿಮಿಷ ತಡವಾಗಿದ್ದಕ್ಕೆ ಒಂದು ವಾರ ಕಾರಣ ಕೇಳಿದೆ. ನನ್ನ ಕೈಚೀಲ ಬಿಚ್ಚಿ ನೋಡಿದೆ. ನಾನೇನು ನಿನ್ನ ಲಾಂಡ್ರಿಗೆ ಬಂದ ಹಾಸಾ?" ಅವತ್ತು ಕಡ್ಡಿ ಓದಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ನಿನ್ನ ಕೆಮ್ಮು ಹೇಗಿದೆ ಅಂತ ಕೇಳಿದಾಳೆ ಅಮ್ಮ. ಬಿಸಿನೀರು ಕುಡಿಬೇಕಂತೆ." ನಾನು ಹದಿನೈದು ದಿನ ತಪ್ಪದೆ ಬಿಸಿನೀರು ಕುಡಿದೆ. ನನ್ನ ಕೆಮ್ಮನ್ನು ಯಾರೂ ಕೇಳಿಯೇ ಇರಲಿಲ್ಲ.

ಎರಡನೆಯದರಲ್ಲೂ ಬೈಗುಳವೇ. ಮೂರನೆಯದರಿಂದ ದನಿ ಇಳಿದಿದೆ. "ನೀನು ಹೀಗೂ ಬರೀತೀಯ ಅಂತ ಗೊತ್ತಿರಲಿಲ್ಲ" ಅಂದಿದ್ದಾಳೆ. ಅವಳು ಮೆಚ್ಚಿದ ಮಾತು ಯಾವುದೂ ನಾನು ಬರೆಸಿದ್ದಲ್ಲ. ನಾನು ಹೇಳಿದ ಒರಟು ಮಾತನ್ನು ಕಡ್ಡಿ ಅಲ್ಲಿಗೆ ಕಳಿಸಲಿಲ್ಲ, ಅವಳಮ್ಮ ಬರೆದ ಒರಟು ಮಾತನ್ನು ನನಗೆ ಓದಲಿಲ್ಲ. ಮಧ್ಯದಲ್ಲಿ ಕೂತು ಎರಡೂ ಕಡೆಯದನ್ನು ತಾನೇ ನುಂಗಿದಳು.

ಡಬ್ಬಿಯಲ್ಲಿದ್ದ ಕಡೆಯದು ಫೆಬ್ರವರಿ ೨೭ರ ಗುರುವಾರ ಬಂದದ್ದು. ಎರಡು ಪುಟ. "ಅಮ್ಮ ಚೆನ್ನಾಗಿದಾಳಂತೆ, ಕೆಲಸ ಜಾಸ್ತಿಯಂತೆ, ಅಷ್ಟೇ" ಅಂದಿದ್ದಳು ಕಡ್ಡಿ. ಅದರಲ್ಲಿ ಇರುವುದು ಇದು: "ಮಾರ್ಚ್ ತಿಂಗಳ ಕೊನೇ ಭಾನುವಾರ, ಮೂವತ್ತಕ್ಕೆ, ಬೆಳಗಿನ ಬಸ್ಸಿಗೆ ಬರ್ತೀನಿ. ಬರೆದ ಹಾಗೇ ನೀನು ಇದ್ದರೆ ಉಳ್ಕೋತೀನಿ. ಹಳೇ ಮನುಷ್ಯನೇ ಆಗಿದ್ದರೆ ಕಡ್ಡಿನ ಕರ್ಕೊಂಡು ಸಂಜೆ ಬಸ್ಸಿಗೇ ವಾಪಸ್. ಇಲ್ಲಿ ಕೋಣೆ ಸಿಕ್ಕಿದೆ."

ಇದನ್ನು ಓದಿ ಮಲಗಿದವಳು ಬೆಳಿಗ್ಗೆ ಬ್ರಷ್ಷನ್ನು ಗೋಡೆಯ ಮೇಲೆ ಹುಡುಕಿದಳು.

ಅದರ ಕೊನೆಯಲ್ಲಿ ಇನ್ನೊಂದು ಮಾತಿದೆ. "ದಿನಾ ಊಟಕ್ಕೆ ಮರೆತು ಮೂರು ತಟ್ಟೆ ಇಡ್ತೀನಿ, ಆಮೇಲೆ ಒಂದನ್ನ ಒಳಗಿಡ್ತೀನಿ ಅಂತ ಬರೆದಿದ್ದೆಯಲ್ಲ. ಅವತ್ತು ನಾನು ಊಟ ಮಾಡಲಿಲ್ಲ." ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕಡ್ಡಿ ನೋಡಿದ್ದಾಳೆ. ನಾಲ್ಕು ತಿಂಗಳೂ ನೋಡಿದ್ದಾಳೆ.

ಮಾರ್ಚ್ ೧೭, ಸೋಮವಾರ

ಬೆಳಿಗ್ಗೆ ತಲೆ ಬಾಚುವಾಗ ಹೇಳಿದೆ. ನಾನು ಬೈತಲೆ ತೆಗೆದರೆ ಹಳ್ಳದ ದಾರಿಯ ಹಾಗೆ ಸೊಟ್ಟಗೆ ಹೋಗುತ್ತದೆ. ಪಾಪ, ಸುಮ್ಮನೆ ಕೂರುತ್ತಾಳೆ.

"ಇನ್ಮೇಲೆ ಅಮ್ಮನ ಪತ್ರ ಓದೋದು, ಬರೆಯೋದು ಎಲ್ಲಾ ನನ್ನ ಕೆಲಸ. ನಿನಗೆ ರಜ."

ಬಾಚಣಿಗೆಯಿಂದ ತಲೆ ಎಳೆದುಕೊಂಡಳು. "ನಿನಗೆ ಓದಕ್ಕೆ ಬರಲ್ಲ."

"ಬಂತು. ನಿನ್ನೆ ಡಬ್ಬೀಲಿದ್ದದ್ದು ಎಲ್ಲಾ ಓದಿದೆ."

"ಎಲ್ಲಾನಾ?"

"ಎಲ್ಲಾ. ಕೆಮ್ಮಿಂದೂ."

ಸೊಟ್ಟಗಿದ್ದ ಬೈತಲೆಯನ್ನು ಅಳಿಸಿ ಮತ್ತೆ ತೆಗೆದೆ. ಮುಖ ತಿರುಗಿಸದೆ ಕೇಳಿದಳು, "ಅಮ್ಮ ಬಂದ್ರೆ ಎಲ್ಲಾ ಗೊತ್ತಾಗತ್ತೆ. ಆಮೇಲೆ ಇಬ್ರೂ ನನ್ನ ಬೈತೀರಾ?"

"ನಿನ್ನಷ್ಟು ಚೆನ್ನಾಗಿ ನಿಮ್ಮಪ್ಪ ಮಾತಾಡಿದ್ದಿದ್ರೆ ನಿಮ್ಮಮ್ಮ ಹೋಗ್ತಾನೇ ಇರಲಿಲ್ಲ ಕಣೇ. ಬೈಯೋದಾದ್ರೆ ನನ್ನ ಬೈಲಿ. ನಾನೇ ಬರೆದು ಹೇಳ್ತೀನಿ."

"ನಿನ್ನ ಅಕ್ಷರ ನೋಡಿ ನಗ್ತಾಳೆ."

"ನಗ್ಲಿ ಬಿಡು. ನಕ್ಕು ಎಷ್ಟು ದಿನ ಆಯ್ತೋ."

ಆಮೇಲೆ ಅತ್ತಳು. ಕಣ್ಣು ಕಾಣದಾದ ಮೇಲೆ ಒಂದು ಸಲವೂ ಅತ್ತಿರಲಿಲ್ಲ, ಅದು ನನಗೆ ಈಗ ಹೊಳೆಯುತ್ತಿದೆ. ಲಾಂಡ್ರಿಗೆ ಒಂದು ಗಂಟೆ ತಡವಾಯಿತು. ಬೀಗ ಹಾಕಿದೆನಾ ಅಂತ ಅರ್ಧ ದಾರಿಯಲ್ಲಿ ನೆನಪಾಯಿತು. ಹಾಕಿರಬೇಕು.

ಮಾರ್ಚ್ ೧೯, ಬುಧವಾರ

ಇವತ್ತು ಕೆಲಸದಲ್ಲಿ ತಪ್ಪಾಯಿತು. ಹೆಂಡತಿಗೆ ಏನು ಬರೆಯಲಿ ಅನ್ನುವ ಯೋಚನೆಯಲ್ಲೇ ಒಂದು ದೊಡ್ಡ ಹಾಸನ್ನು ನೋಡಿ ಮಡಚಲು ಹೊರಟೆ. "ಅಪ್ಪ, ಕೆಳಗಡೆ ಮೂಲೇಲಿ ಕಂದು ಕಲೆ ಇದೆ" ಅಂದಳು ಕಡ್ಡಿ. ನೋಡಿದರೆ ನಿಜ, ಚಹಾದ್ದು, ಹೆಬ್ಬೆರಳಿನಷ್ಟು. ನೀಲಿ ದಾರ ಕಟ್ಟಿ ಆಚೆ ಹಾಕಿದೆ. ಹದಿನಾಲ್ಕು ವರ್ಷದಲ್ಲಿ ಇಷ್ಟು ದೊಡ್ಡದು ತಪ್ಪಿಸಿಕೊಂಡಿರಲಿಲ್ಲ, ಕೆಲಸ ಹೋದರೆ ಏನು ಗತಿ ಅಂತ ಚಿಂತೆ ಹತ್ತಿತು. ಇನ್ನೂ ನಾಲ್ಕು ಹಾಸು ನೋಡಿದೆ.

ಐದನೆಯದನ್ನು ಎತ್ತಿದವನು ಹಾಗೇ ನಿಂತೆ.

ತಿರುಗಲಿಲ್ಲ. ಇನ್ನೊಂದರಲ್ಲಿ ಏನಿದೆ ಹೇಳು ಅಂತ ಬಾಯಿಯ ತುದಿಯವರೆಗೂ ಬಂತು, ಕಚ್ಚಿ ಹಿಡಿದೆ. ಇಸ್ತ್ರಿ ಅಕ್ಕ ಪೆಟ್ಟಿಗೆಯನ್ನು ಹಾಸಿನ ಮೇಲೇ ಬಿಟ್ಟು ನನ್ನನ್ನು ನೋಡುತ್ತಿದ್ದಳು. ಹಾಸು ಸುಟ್ಟ ವಾಸನೆ ಬಂತು.

"ನೋಡೋ, ನಿಮ್ಮ ಅಪ್ಪ-ಮಗಳ ಕಾಟದಲ್ಲಿ ನನ್ನ ಮರ್ಯಾದೆ ಸುಟ್ಟುಹೋಯ್ತು" ಅಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಮಾರ್ಚ್ ೨೧, ಶುಕ್ರವಾರ

ಕಡ್ಡಿಗೆ ನೋಟ ಬಂದು ಹೋಗುತ್ತದೆ. ನಿನ್ನೆ ಸಂಜೆ ಮತ್ತೆ ಬೂದಿಯಾಯಿತಂತೆ, ಇವತ್ತು ಬೆಳಿಗ್ಗೆ ಕಿಟಕಿಯ ಸರಳು ಕಂಡಿತಂತೆ. ಅವಳಾಗಿ ಹೇಳಿದ್ದು. ಡಾಕ್ಟರು ಹೀಗೇ ಬರುತ್ತದೆ, ಅವಸರ ಬೇಡ ಅಂದರು. ಊಟಕ್ಕೆ ಮೂರು ತಟ್ಟೆ ಇಟ್ಟಿದ್ದೆ. ಒಳಗಿಡಲು ಎತ್ತಿದಾಗ, "ಇರಲಿ ಬಿಡು ಅಪ್ಪ" ಅಂದಳು. ಇರಲಿ ಅಂತ ಬಿಟ್ಟೆ.

ಪತ್ರ ಬರೆದು ಮುಗಿಸಿದೆ. ನಾಲ್ಕು ಹಾಳೆ ಹರಿದ ಮೇಲೆ ಇದು. ನಾಳೆ ಬೆಳಿಗ್ಗೆ ಅಂಚೆಗೆ ಹಾಕಬೇಕು. ಕಳೆದುಹೋದರೆ ಅಂತ ಇಲ್ಲಿ ನಕಲು ಮಾಡಿಟ್ಟುಕೊಳ್ಳುತ್ತೇನೆ.

"ಈ ಅಕ್ಷರ ನನ್ನದು. ಇದರ ಮೊದಲು ಬಂದದ್ದೆಲ್ಲ ಕಡ್ಡಿಯದು. ತಪ್ಪೆಲ್ಲ ನನ್ನದು ಅಂತ ನಾನು ಬರೆಸಲಿಲ್ಲ, ಬಾ ಅಂತಲೂ ಬರೆಸಲಿಲ್ಲ. ಅವಳೇ ಬರೆದಳು. ನೀನು ಬೈದದ್ದನ್ನು ನನಗೆ ಓದಲೂ ಇಲ್ಲ. ಈಗ ನಾನೇ ಓದಿದೆ. ಕೈಚೀಲ ಬಿಚ್ಚಿ ನೋಡಿದ್ದು ನಿಜ. ನೀನು ಹಾಸಲ್ಲ.

ನೀನು ಬರ್ತೀನಿ ಅಂತ ಬರೆದ ಪತ್ರ ಓದಿದ ಮಾರನೇ ಬೆಳಿಗ್ಗೆಯಿಂದ ಅವಳಿಗೆ ಕಣ್ಣು ಕಾಣದಾಯಿತು. ಕಣ್ಣಿನಲ್ಲಿ ದೋಷ ಇಲ್ಲ, ನಮ್ಮಿಬ್ಬರ ಮಧ್ಯೆ ಇದೆ ಅಂತ ನನಗೆ ತಿಳಿಯಲು ಹದಿನೇಳು ದಿನ ಬೇಕಾಯಿತು. ನಿನಗೆ ಹೇಳದೆ ಮುಚ್ಚಿಟ್ಟೆ. ನೀನು ಅವಳನ್ನು ಕರೆದುಕೊಂಡು ಹೋಗ್ತೀಯ ಅಂತ ಹೆದರಿದೆ. ಈಗಲೂ ಹೆದರಿಕೆ ಇದೆ. ಬಂದು ನೋಡಿ ನೀನೇ ತೀರ್ಮಾನ ಮಾಡು, ನಾನು ಅಡ್ಡ ನಿಲ್ಲುವುದಿಲ್ಲ. ಅವಳನ್ನು ಮಾತ್ರ ಏನೂ ಕೇಳಬೇಡ.

ಆ ಪತ್ರಗಳಲ್ಲಿ ಮೂರು ತಟ್ಟೆಯ ಮಾತು ಒಂದು ನಿಜ.

ಬೆಳಗಿನ ಬಸ್ಸಿಗೆ ಬರ್ತೀನಿ ಅಂತ ಬರೆದಿದ್ದೀಯ. ಇಲ್ಲಿ ವಿಚಾರಿಸಿದೆ, ನಿಮ್ಮ ಊರಿಂದ ಬೆಳಗಿನದು ಎರಡಿದೆಯಂತೆ, ಐದಕ್ಕೊಂದು, ಏಳಕ್ಕೊಂದು. ನಾನೂ ಕಡ್ಡಿಯೂ ಎರಡಕ್ಕೂ ಬಂದು ನಿಲ್ತೀವಿ, ಅದರ ಚಿಂತೆ ಬೇಡ. ಆದರೂ ಐದರದ್ದೋ ಏಳರದ್ದೋ, ಇನ್ನೊಂದು ಸಲ ನೋಡಿ ಬರೆ."